ಭೀಮನಬೀಡಿನ ಅರಿಶಿನ ಯಾರ ಕೆಳಗೆ?

ವರದಿಯಲ್ಲಿ ಆ ಸಾಲಿನ ಹೆಸರು ‘ಕ್ವಿಂಟಾಲ್ ಒಂದಕ್ಕೆ ಸಂಸ್ಕರಣಾ ವೆಚ್ಚ’ ಎಂದಿತ್ತು. ನಮ್ಮ ಅರಿಶಿನ ಬೆಳೆಗಾರರ ಸಂಘದ ಆಡಳಿತ ಮಂಡಳಿಯವರೆಲ್ಲ ಅದೊಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಸಂಘಕ್ಕೆ ಅರಿಶಿನ ಪಾಲಿಶ್ ಮಾಡುವ ಘಟಕಗಳು ಎರಡಿದ್ದವು. ಒಂದು ಚಾಮರಾಜನಗರದಲ್ಲಿ, ಇನ್ನೊಂದು ಗುಂಡ್ಲುಪೇಟೆಯಲ್ಲಿ. ಗುಂಡ್ಲುಪೇಟೆಯ ಎದುರಿಗಿದ್ದ ಅಂಕಿ ಚಾಮರಾಜನಗರದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿತ್ತು.

“ಇನ್ನೇನ್ ನೋಡದದೆ? ಗುಂಡ್ಲುಪೇಟೇದ ಮುಚ್ಬುಟ್ಟು ಎಲ್ಲಾನೂವೆ ಇಲ್ಲೇ ಪಾಲಿಶ್ ಮಾಡ್ಸನ” ಎಂದರು ಅಧ್ಯಕ್ಷರು. ಅವರು ಅರಿಶಿನವನ್ನೇ ಬೆಳೆದು ಮೇಲೆ ಬಂದವರು. ಮಾತು ಒರಟು, ಆದರೆ ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ.

ಆಗ ಎದ್ದು ನಿಂತವರು ಗುಂಡ್ಲುಪೇಟೆ ಘಟಕದ ಮ್ಯಾನೇಜರ್. ಎಲ್ಲರೂ ಅವರನ್ನು ಸಾಬ್ರು ಎಂದೇ ಕರೆಯುತ್ತಿದ್ದರು. ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡು ಅಚ್ಚುಕಟ್ಟಾಗಿ ಬರುತ್ತಿದ್ದ ಅವರು ಎಂದೂ ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತೂ ಏರಿಸಲಿಲ್ಲ.

“ಅಂಕಿ ಸುಳ್ಳು ಅಂತ ನಾನು ಹೇಳ್ತಿಲ್ಲ. ನನ್ನ ಘಟಕದ ಒಂದೊಂದು ವೋಚರೂ ನನ್ನ ಸಹಿ ಆಗೇ ಇಲ್ಲಿಗೆ ಬರೋದು. ಆದ್ರೆ ಈ ಸಾಲಿನೊಳಗೆ ಏನೇನು ಸೇರ್ಸವ್ರೆ? ಅದನ್ನ ಸೇರ್ಸಬೇಕು ಅಂತ ಯಾರು ತೀರ್ಮಾನ ಮಾಡಿದ್ರು? ಅಷ್ಟು ಹೇಳ್ಬುಡಿ ಸಾಕು.”

ವರದಿಯ ಹೆಚ್ಚುವರಿ ಪ್ರತಿಗಳನ್ನು ಹಿಡಿದು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಒಂದಿಬ್ಬರು ತಿರುಗಿ ನೋಡಿದರು. ಸಂಘದ ಕಂಪ್ಯೂಟರ್ ಕೆಲಸ ನನ್ನದಾಗಿತ್ತು. ಆದರೆ ಆ ವರದಿಯ ಕೆಳಗಿದ್ದ ಸಹಿ ನಮ್ಮ ಮುಖ್ಯ ಲೆಕ್ಕಾಧಿಕಾರಿಗಳದ್ದು. ಮೈಸೂರಿನಿಂದ ದಿನವೂ ಬೆಳಗಿನ ರೈಲಿನಲ್ಲಿ ಬಂದು ಹೋಗುತ್ತಿದ್ದ ಹೆಂಗಸು. ಬಿಳಿ ಹತ್ತಿ ಸೀರೆ, ಕುತ್ತಿಗೆಗೆ ತೂಗುಹಾಕಿಕೊಂಡ ಕನ್ನಡಕ. ಗುಮಾಸ್ತರೆಲ್ಲ ಅವರಿಗೆ ಹೆದರುತ್ತಿದ್ದರು. ನಾನೂ ಹೆದರುತ್ತಿದ್ದೆ. ಅವರು ಕನ್ನಡಕ ತೆಗೆದು, “ಸಾಬ್ರು ಕೇಳಿದ್ದಕ್ಕೆ ಈಗ ನನ್ನ ಹತ್ರ ಉತ್ತರ ಇಲ್ಲ. ಮುಂದಿನ ಸಭೆಯಲ್ಲಿ ಹೇಳ್ತೀನಿ. ಅಲ್ಲೀವರೆಗೂ ತೀರ್ಮಾನ ತಡೀರಿ” ಎಂದರು.

ತಾನು ಸಹಿ ಹಾಕಿದ ಕಾಗದದ ಬಗ್ಗೆ ತನಗೆ ಗೊತ್ತಿಲ್ಲ ಎಂದು ತುಂಬಿದ ಸಭೆಯಲ್ಲಿ ಅಷ್ಟು ಸಲೀಸಾಗಿ ಹೇಳಿದ ಅಧಿಕಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ತಾಲ್ಲೂಕಾಗಿದ್ದ ಕಾಲ ಅದು. ಸಂಘಕ್ಕೆ ಕಂಪ್ಯೂಟರ್ ಬಂದು ಹೆಚ್ಚು ದಿನವಾಗಿರಲಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರನ್ನು ಮೈಸೂರಿನ ಒಬ್ಬ ಪ್ರೋಗ್ರಾಮರ್ ನಮಗೆಂದೇ ಬರೆದುಕೊಟ್ಟಿದ್ದರು. ಕಪ್ಪು ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಕಿರುಗುಟ್ಟುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಗುಮಾಸ್ತರು ವೋಚರ್ ತುಂಬುತ್ತಿದ್ದರು, ತಿಂಗಳ ಕೊನೆಗೆ ವರದಿ ಹೊರಗೆ ಬರುತ್ತಿತ್ತು. ಎಲ್ಲರೂ ಬಲ್ಲದ್ದು ಅಷ್ಟೇ. ಆದರೆ ಅದರೊಳಗೆ ಇನ್ನೊಂದು ಭಾಗವಿತ್ತು. ಅದಕ್ಕೆ ಡೇಟಾ ಡಿಕ್ಷನರಿ ಎಂದು ಹೆಸರು. ಅಲ್ಲಿ ಲೆಕ್ಕ ಇರುತ್ತಿರಲಿಲ್ಲ, ಲೆಕ್ಕದ ಬಗೆಗಿನ ವಿವರ ಇರುತ್ತಿತ್ತು. ವರದಿಯ ಒಂದೊಂದು ಸಾಲಿಗೂ ಅದರ ಅರ್ಥವೇನು, ಯಾವ ಯಾವ ಶೀರ್ಷಿಕೆಗಳು ಕೂಡಿ ಆ ಅಂಕಿ ಆಯಿತು, ಯಾವ ಕೇಂದ್ರ ಯಾವುದರ ಕೆಳಗೆ ಬರುತ್ತದೆ, ಯಾವಾಗ ಯಾರು ಬದಲಾಯಿಸಿದರು ಎಂಬುದೆಲ್ಲ ಅಲ್ಲಿ ನಮೂದಾಗಿತ್ತು. ಸಾಲಿನ ಮೇಲೆ ಕರ್ಸರ್ ಇಟ್ಟು ಒಂದು ಕೀಲಿ ಒತ್ತಿದರೆ ಅದರೊಳಗೆ ಇಳಿಯಬಹುದು. ಇನ್ನೊಂದು ಕೀಲಿ ಒತ್ತಿದರೆ ಅದು ಬೇರೆ ಯಾವ ವರದಿಗಳಲ್ಲಿ ಬಳಕೆಯಾಗಿದೆ ಎಂಬುದು ಕಾಣುತ್ತಿತ್ತು. ನಮ್ಮಂಥ ಸಣ್ಣ ಸಂಘಕ್ಕೆ ಇಷ್ಟೆಲ್ಲ ಯಾಕೆ ಎಂದುಕೊಳ್ಳದೆ ಆ ಪುಣ್ಯಾತ್ಮ ಅದನ್ನು ಕಟ್ಟಿಕೊಟ್ಟಿದ್ದ. ಅದನ್ನು ತೆರೆಯುತ್ತಿದ್ದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ಲೆಕ್ಕಾಧಿಕಾರಿಗಳು ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ನನ್ನ ಪಕ್ಕ ಕೂತರು.

“ನನಗೆ ಲೆಕ್ಕ ಬರುತ್ತೆ, ಕಂಪ್ಯೂಟರ್ ಬರಲ್ಲ. ನೀವು ಒಂದೊಂದೇ ಪರದೆ ತೆಗೀತಾ ಹೋಗಿ. ಏನಿದೆ ಅಂತ ಕನ್ನಡದಲ್ಲಿ ಹೇಳಿ. ನನಗೆ ಅರ್ಥ ಆಗ್ಲಿಲ್ಲ ಅಂದ್ರೆ ಮುಂದಕ್ಕೆ ಹೋಗೋದು ಬೇಡ.”

ನಾವು ಇಳಿಯತೊಡಗಿದೆವು. ಆ ಸಾಲಿನ ಅಂಕಿ ಎರಡು ಅಂಕಿಗಳ ಭಾಗಾಕಾರ. ಮೇಲೆ ವೆಚ್ಚ, ಕೆಳಗೆ ಪಾಲಿಶ್ ಆಗಿ ಬಂದ ಅರಿಶಿನದ ತೂಕ. ವೆಚ್ಚದೊಳಗೆ ಇಳಿದೆವು. ‘ಗುಂಡ್ಲುಪೇಟೆ ಮತ್ತು ಅದರ ಕೆಳಗಿನ ಎಲ್ಲ ಕೇಂದ್ರಗಳ ಸಂಸ್ಕರಣಾ ಖರ್ಚು’ ಎಂದಿತ್ತು. ಕೆಳಗಿನ ಕೇಂದ್ರಗಳು ಯಾವುವೆಂದು ನೋಡಿದರೆ ಪಾಲಿಶ್ ವಿಭಾಗ, ಆಯುವ ವಿಭಾಗ, ಗೋದಾಮು ಮತ್ತು ಭೀಮನಬೀಡು. ಭೀಮನಬೀಡಿನಲ್ಲಿ ಸಂಘದ ಒಂದು ಕಣವಿತ್ತು. ಅಲ್ಲಿ ಹಸಿ ಅರಿಶಿನ ಕೊಂಡು, ಬೇಯಿಸಿ, ಒಣಗಿಸಿ, ಲಾರಿಗೆ ಏರಿಸುತ್ತಿದ್ದರು. ಅದು ಗುಂಡ್ಲುಪೇಟೆ ತಾಲ್ಲೂಕಿನ ಊರೇ ತಾನೆ, ಗುಂಡ್ಲುಪೇಟೆಯ ಕೆಳಗಲ್ಲದೆ ಇನ್ನೆಲ್ಲಿರಬೇಕು? ನಾನು ಓದಿ ಹೇಳಿದೆ, ಅವರು ತಲೆಯಾಡಿಸಿದರು. ಮುಂದಿನ ಪರದೆಗೆ ಹೋದೆವು.

ಒಂದೊಂದು ಕೇಂದ್ರದಲ್ಲೂ ಖರ್ಚಿನ ಶೀರ್ಷಿಕೆಗಳನ್ನು ನೋಡಿದೆವು. ಕೂಲಿ, ಸೌದೆ, ವಿದ್ಯುತ್ತು, ಗೋಣಿಚೀಲ, ಬಾಡಿಗೆ. ಸಂಸ್ಕರಣೆಗೆ ಸೇರದ ಒಂದು ಶೀರ್ಷಿಕೆಯೂ ಸಿಗಲಿಲ್ಲ. ಎರಡು ಕಡೆ ಒಂದೇ ಖರ್ಚು ಸೇರಿಹೋಗಿದೆಯೇ ಎಂದು ಹಿಂದುಮುಂದಾಗಿ ಹುಡುಕಿದೆ. ಇಲ್ಲ. ಎಲ್ಲವೂ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

“ಹಾಗಾದ್ರೆ ವೋಚರ್‌ಗಳಲ್ಲೇ ಏನಾದ್ರೂ ಇರಬೇಕು. ಹೋಗಿ ನೋಡ್ಕೊಂಡು ಬನ್ನಿ” ಎಂದರು.

ತೆರಕಣಾಂಬಿ ಮೇಲಿನ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಘಟಕದ ಬಾಗಿಲಲ್ಲೇ ಅರಿಶಿನದ ದೂಳು ಮೂಗಿಗೆ ಅಡರಿತು. ದೊಡ್ಡ ಕಬ್ಬಿಣದ ಡ್ರಮ್ಮಿನೊಳಗೆ ಒಣ ಅರಿಶಿನ ಒಂದಕ್ಕೊಂದು ಉಜ್ಜಿಕೊಂಡು ಗಡಗಡ ಉರುಳುತ್ತಿತ್ತು. ಆಚೆ ಬದಿಯಲ್ಲಿ ಹೆಂಗಸರು ಸಾಲಾಗಿ ಕೂತು ಉದ್ದನೆಯ ಕೊಂಬು ಬೇರೆ, ಗುಂಡನೆಯ ಗಡ್ಡೆ ಬೇರೆ ಆಯುತ್ತಿದ್ದರು. ಅಂಗೈ, ಸೆರಗು, ಕಣ್ಣಿನ ರೆಪ್ಪೆ ಎಲ್ಲ ಹಳದಿ. ಅವರಲ್ಲೊಬ್ಬಾಕೆ ಕೈ ನಿಲ್ಲಿಸದೆಯೇ ನನ್ನನ್ನು ಕೇಳಿದಳು.

“ಇದ ಮುಚ್ಬುಡ್ತಾರಂತಲ್ಲ, ದಿಟ್ವಾ ಕಣಮ್ಮಿ?”

“ಇನ್ನೂ ತೀರ್ಮಾನ ಆಗಿಲ್ಲ ಅಕ್ಕ” ಎಂದೆ. ಅದು ಅವಳಿಗೆ ಬೇಕಾದ ಉತ್ತರ ಅಲ್ಲವೆಂದು ನನಗೂ ಗೊತ್ತಿತ್ತು.

ಸಾಬ್ರು ಬೀರು ತೆರೆದು ಕಟ್ಟುಗಳನ್ನೆಲ್ಲ ನನ್ನ ಮುಂದಿಟ್ಟರು. “ಏನು ಬೇಕೋ ನೋಡಮ್ಮ. ನಾನು ಎದುರಿಗೆ ಕೂತ್ರೆ ನಿನಗೆ ಸಂಕೋಚ” ಎಂದು ಎದ್ದು ಡ್ರಮ್ಮಿನ ಕಡೆ ಹೋದರು. ಊಟದ ಹೊತ್ತಿಗೆ ಮನೆಯಿಂದ ನನಗೂ ಡಬ್ಬಿ ತರಿಸಿದ್ದರು. ನಾನು ಕಂಪ್ಯೂಟರಿನ ಪಟ್ಟಿ ಹಿಡಿದು ಒಂದೊಂದನ್ನೇ ತಾಳೆ ನೋಡಿದೆ. ಸಂಜೆಯ ಬಸ್ಸಿನವರೆಗೂ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಅಷ್ಟು ಶುದ್ಧವಾದ ದಾಖಲೆಗಳನ್ನು ನಾನು ನಮ್ಮ ಮುಖ್ಯ ಕಚೇರಿಯಲ್ಲೂ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಖುಷಿಪಡುವ ವಿಷಯ. ಅವತ್ತು ಮಾತ್ರ ಬಸ್ಸಿನಲ್ಲಿ ಕೂತು ಅಳು ಬಂದಂತಾಯಿತು. ಲೆಕ್ಕ ಸರಿ, ಅರ್ಥ ಸರಿ ಎಂದಾದರೆ ಆ ಅಂಕಿಯೂ ಸರಿ. ಅಲ್ಲಿಗೆ ಘಟಕ ಮುಚ್ಚಿದಂತೆಯೇ.

ಮರುದಿನ ಅದನ್ನೇ ಲೆಕ್ಕಾಧಿಕಾರಿಗಳಿಗೆ ಹೇಳಿದೆ. ಅವರು, “ಮೇಲಿನ ಅಂಕಿ ನೋಡಿದ್ವಿ. ಭಾಗಿಸೋದು ಯಾವುದರಿಂದ? ಅದನ್ನ ನೋಡೇ ಇಲ್ವಲ್ಲ” ಎಂದರು.

ತೂಕವನ್ನು ಯಾರು ನೋಡುತ್ತಾರೆ? ತೂಕ ಎಂದರೆ ತಕ್ಕಡಿಯಲ್ಲಿ ತೂಗಿದ್ದು, ಅದರಲ್ಲಿ ಅರ್ಥ ಮಾಡಿಕೊಳ್ಳುವುದೇನಿದೆ ಎಂದು ನಾನು ಭಾವಿಸಿದ್ದೆ. ಕರ್ಸರನ್ನು ತೂಕದ ಮೇಲಿಟ್ಟು ಇಳಿದೆ. ‘ಘಟಕದಲ್ಲಿ ಪಾಲಿಶ್ ಆದ ಒಟ್ಟು ಮಾಲು, ಬಂದ ಕೇಂದ್ರವಾರು’. ಗುಂಡ್ಲುಪೇಟೆಯನ್ನು ಬಿಡಿಸಿದೆ. ಅಲ್ಲಿ ಭೀಮನಬೀಡು ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಇಲ್ಲ. ಚಾಮರಾಜನಗರವನ್ನು ಬಿಡಿಸಿದರೆ ಅದೇ ತಾಲ್ಲೂಕಿನ ಉಮ್ಮತ್ತೂರು ಕಡೆಯ ಊರುಗಳ ಸಾಲಿನಲ್ಲಿ ಭೀಮನಬೀಡೂ ಕೂತಿತ್ತು.

ಎರಡು ಪಟ್ಟಿಗಳನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಹಾಸಿದೆ. ಲೆಕ್ಕಾಧಿಕಾರಿಗಳು ಕನ್ನಡಕ ಹಾಕಿಕೊಂಡು ಬಾಗಿದರು. ಭೀಮನಬೀಡಿನಲ್ಲಿ ಬೇಯಿಸಿದ ಸೌದೆ, ಒಣಗಿಸಿದ ಕೂಲಿ, ಲಾರಿಯ ಬಾಡಿಗೆ ಎಲ್ಲ ಗುಂಡ್ಲುಪೇಟೆಯ ತಲೆಗೆ. ಆ ಅರಿಶಿನದ ತೂಕ ಮಾತ್ರ ಚಾಮರಾಜನಗರದ ಬುಟ್ಟಿಗೆ.

“ಖರ್ಚು ಒಬ್ಬರದು, ಮಾಲು ಇನ್ನೊಬ್ಬರದು” ಎಂದರು ಅವರು ಮೆಲ್ಲಗೆ. ಆಮೇಲೆ ಗುಂಡ್ಲುಪೇಟೆಗೆ ಫೋನ್ ಮಾಡಿದರು. “ಸಾಬ್ರೇ, ಭೀಮನಬೀಡಿನ ಅರಿಶಿನ ನಿಮ್ಮಲ್ಲಿಗೆ ಬರೋದಿಲ್ವಾ?”

ಆ ಕಡೆಯ ಮಾತು ನನಗೂ ಕೇಳುತ್ತಿತ್ತು. “ಬರ್ತಿತ್ತು ಮೇಡಂ. ಡ್ರಮ್ಮಿನ ಬೇರಿಂಗ್ ಹೋದಾಗ ಚಾಮರಾಜನಗರಕ್ಕೆ ಕಳಿಸೋಕೆ ಶುರು ಮಾಡಿದ್ರು. ರಿಪೇರಿ ಆದ್ಮೇಲೂ ಲಾರಿ ಅತ್ಲಾಗೇ ಹೋಗ್ತದೆ. ಹೆಡ್ ಆಫೀಸಿನ ತೀರ್ಮಾನ ಅಂದ್ಕೊಂಡು ನಾನು ಸುಮ್ನಾದೆ.”

ಅಂಥ ತೀರ್ಮಾನವನ್ನು ಯಾರೂ ಮಾಡಿರಲಿಲ್ಲ. ಲಾರಿಗೆ ಆ ದಾರಿ ರೂಢಿಯಾಗಿತ್ತು, ಅಷ್ಟೇ.

ಮಧ್ಯಾಹ್ನ ಭೀಮನಬೀಡಿನ ಖರ್ಚನ್ನು ಗುಂಡ್ಲುಪೇಟೆಯಿಂದ ತೆಗೆದು ಚಾಮರಾಜನಗರಕ್ಕೆ ಸೇರಿಸಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಗುಂಡ್ಲುಪೇಟೆಯ ಅಂಕಿ ಇಳಿಯಿತು. ಚಾಮರಾಜನಗರದ್ದು ಏರಿ ಅದನ್ನು ದಾಟಿಹೋಯಿತು. ಉಮ್ಮತ್ತೂರಿನಿಂದ ದಿನಾ ನನ್ನ ಜೊತೆಗೇ ಬಸ್ಸು ಹತ್ತುತ್ತಿದ್ದ ನನ್ನ ಅತ್ತಿಗೆ ಚಾಮರಾಜನಗರದ ಘಟಕದಲ್ಲಿ ಅರಿಶಿನ ಆಯುತ್ತಿದ್ದಳು. ನಮ್ಮಣ್ಣ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಸಾಕುತ್ತಿದ್ದುದು ಆ ಕೆಲಸ. ಗುಂಡ್ಲುಪೇಟೆಯದು ಉಳಿದು ಇದನ್ನು ಮುಚ್ಚುತ್ತಾರೇನೋ ಎಂದು ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಅಂಕಿ ಬದಲಾಗಲಿಲ್ಲ.

ಮುಚ್ಚಿಡಲು ಮನಸ್ಸಾಗಲಿಲ್ಲ. ಕಾಗದವನ್ನು ಲೆಕ್ಕಾಧಿಕಾರಿಗಳ ಮುಂದಿಟ್ಟು ಅತ್ತಿಗೆಯ ವಿಷಯವನ್ನೂ ಹೇಳಿಬಿಟ್ಟೆ. ಅವರು ನನ್ನನ್ನೇ ನೋಡಿದರು.

“ಹೇಳಿದ್ದು ಒಳ್ಳೇದಾಯ್ತು. ಅಂಕಿ ಇದ್ದ ಹಾಗೇ ಇರಲಿ. ಅಂಕಿಯಿಂದ ಯಾರ ಕೆಲಸವೂ ಹೋಗದ ಹಾಗೆ ಏನು ಮಾಡಬಹುದು ಅಂತ ಯೋಚನೆ ಮಾಡೋದು ನನ್ನ ಕೆಲಸ. ಅದನ್ನ ನನಗೆ ಬಿಡಿ.”

ಸುದ್ದಿ ಅಧ್ಯಕ್ಷರಿಗೂ ಮುಟ್ಟಿ ಅವರೇ ನಮ್ಮ ಕೋಣೆಗೆ ಬಂದರು. ಎರಡು ಪಟ್ಟಿಗಳನ್ನು ತೋರಿಸಿ ವಿವರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು.

“ಅಯ್ಯೋ, ಇಷ್ಟೇನಾ? ಆ ಎಸ್ರ ಗುಂಡ್ಲುಪೇಟೆ ಕೆಳಗಿಂದ ಕಿತ್ತು ಇಲ್ಲಿಗೆ ಆಕ್ಬುಡು ಕಣಮ್ಮಿ. ಸರಿಯಾದ್ದೊಂದ್ ಅಚ್ಚು ತಗ್ದು ಕೊಟ್ರೆ ಆಯ್ತು. ಸಬೇಲಿ ಹಳೇದ್ರ ಮಾತ್ಯಾಕೆ?”

ಅದು ನಿಜಕ್ಕೂ ಒಂದು ನಿಮಿಷದ ಕೆಲಸ. ಭೀಮನಬೀಡಿನ ಪರದೆ ತೆರೆದು ‘ಮೇಲಿನ ಕೇಂದ್ರ’ ಎಂಬ ಜಾಗದಲ್ಲಿ ಒಂದು ಸಂಖ್ಯೆ ಬದಲಿಸಿದರೆ ಮುಗಿಯಿತು. ನಾನು ಪರದೆ ತೆರೆದೆ. ಬದಲಿಸುವ ಮುನ್ನ, ಆ ಕೇಂದ್ರ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತೋರಿಸುವ ಕೀಲಿ ಒತ್ತಿದೆ. ಪಟ್ಟಿ ಉದ್ದಕ್ಕೆ ಬಂತು. ಇಲಾಖೆಗೆ ಕಳಿಸುವ ತಾಲ್ಲೂಕುವಾರು ತಖ್ತೆ, ಬೆಳೆಗಾರರ ತಾಲ್ಲೂಕುವಾರು ಖರೀದಿ, ಹಿಂದಿನ ತಿಂಗಳುಗಳ ವರದಿಗಳು. ಅವೆಲ್ಲಕ್ಕೂ ಭೀಮನಬೀಡು ಗುಂಡ್ಲುಪೇಟೆಯ ಕೆಳಗೇ ಇರಬೇಕಿತ್ತು. ಅದನ್ನು ಕಿತ್ತರೆ ಇಲ್ಲಿ ಒಂದು ಸರಿಯಾಗಿ ಅಲ್ಲಿ ಹತ್ತು ಕೆಡುತ್ತಿದ್ದವು. ಹಳೆಯ ತಿಂಗಳ ವರದಿಯನ್ನು ನಾಳೆ ಯಾರಾದರೂ ಮತ್ತೆ ತೆಗೆದರೆ ಸಹಿಯಾದ ಕಾಗದದಲ್ಲಿ ಒಂದು ಅಂಕಿ, ಪರದೆಯ ಮೇಲೆ ಇನ್ನೊಂದು.

ಲೆಕ್ಕಾಧಿಕಾರಿಗಳು ಪಟ್ಟಿ ಓದಿ ಮುಗಿಸಿ ಅಧ್ಯಕ್ಷರ ಕಡೆ ತಿರುಗಿದರು.

“ಕೀಳೋದು ಬೇಡ. ಭೀಮನಬೀಡು ಗುಂಡ್ಲುಪೇಟೆ ತಾಲ್ಲೂಕಿನದು ಅನ್ನೋದು ನಿಜ. ಅದರ ಮಾಲು ಚಾಮರಾಜನಗರಕ್ಕೆ ಬರುತ್ತೆ ಅನ್ನೋದೂ ನಿಜ. ಎರಡೂ ಇರಬೇಕು, ಬೇರೆ ಬೇರೆ ಹೆಸರಲ್ಲಿ. ಮತ್ತೆ ಹಳೇ ವರದೀನ ಸಭೆಯಲ್ಲಿ ಇಡ್ತೀನಿ. ಅದಕ್ಕೆ ಸಹಿ ಹಾಕಿದವಳು ನಾನು.”

“ಜನ ನಿಮ್ಮುನ್ನೇ ಆಡ್ಕತಾರೆ ಮೇಡಂ.”

“ಆಡ್ಕೊಳ್ಲಿ. ತಪ್ಪು ಎಲ್ಲಿ ಆಯ್ತು ಅಂತ ಗೊತ್ತಾಗದೆ ಸರಿ ಆಗಿರೋದನ್ನ ಅವರು ಯಾಕೆ ನಂಬಬೇಕು?”

ಅಧ್ಯಕ್ಷರು ಟವೆಲಿನಿಂದ ಮುಖ ಒರೆಸಿಕೊಂಡರು. “ನಿಮ್ ಇಷ್ಟ” ಎಂದು ಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಎರಡೂ ಇರಬೇಕು ಎಂದು ಹೇಳುವುದು ಸುಲಭ, ಮಾಡುವುದು ನನ್ನ ಪಾಲಿಗೆ ಬಂತು. ಡಿಕ್ಷನರಿಯಲ್ಲಿ ಒಂದು ಕೇಂದ್ರಕ್ಕೆ ಒಂದೇ ‘ಮೇಲಿನ ಕೇಂದ್ರ’ ಕೊಡಲು ಸಾಧ್ಯ ಎಂದುಕೊಂಡಿದ್ದೆ. ಪರದೆಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ಇನ್ನೊಂದು ಜಾಗ ಯಾತಕ್ಕೆಂದು ಕೇಳಲು ಮೈಸೂರಿನ ಪ್ರೋಗ್ರಾಮರ್‌ಗೆ ಫೋನ್ ಮಾಡಿದೆ. ಅವರು ನಕ್ಕರು. “ಅದು ಎರಡನೇ ದಾರಿಗೆ ಅಂತಲೇ ಬಿಟ್ಟಿದ್ದಮ್ಮ. ಊರು ಒಂದೇ ಇದ್ರೂ ಮಾಲು ಹೋಗೋ ದಾರಿ ಬೇರೆ ಇರುತ್ತೆ ಅಂತ ಒಂದಿನ ಯಾರಾದ್ರೂ ಕೇಳ್ತೀರಿ ಅಂತ ಗೊತ್ತಿತ್ತು. ನೀವೇ ಮೊದಲು ಕೇಳಿದ್ದು.”

ಮೊದಲು ಎಲ್ಲವನ್ನೂ ಫ್ಲಾಪಿಗಳಿಗೆ ನಕಲು ಮಾಡಿಟ್ಟುಕೊಂಡೆ. ಹಳೆಯ ಜೋಡಣೆಗೆ ‘ತಾಲ್ಲೂಕುವಾರು’ ಎಂದೂ ಹೊಸದಕ್ಕೆ ‘ಮಾಲಿನ ದಾರಿ’ ಎಂದೂ ಹೆಸರಿಟ್ಟೆ. ಸಂಘದ ಪ್ರತಿ ಕೇಂದ್ರಕ್ಕೂ ಎರಡನೇ ಸಂಖ್ಯೆ ತುಂಬಿದೆ. ವರದಿಯ ಸಾಲಿನ ಅರ್ಥವನ್ನು ಬದಲಿಸಿ, ವೆಚ್ಚ ಮತ್ತು ತೂಕ ಎರಡೂ ಮಾಲಿನ ದಾರಿಯಲ್ಲೇ ಕೂಡಿ ಮೇಲೇರಬೇಕು ಎಂದು ಬರೆದು, ಬದಲಿಸಿದ ಕಾರಣವನ್ನು ಷರಾ ಕಾಲಮ್ಮಿನಲ್ಲಿ ಸೇರಿಸಿದೆ. ಪರೀಕ್ಷೆ ಸರಳವಾಗಿತ್ತು. ಯಾವ ದಾರಿಯಲ್ಲಿ ಕೂಡಿದರೂ ಇಡೀ ಸಂಘದ ಒಟ್ಟು ಒಂದೇ ಆಗಬೇಕು.

ಆಗಲಿಲ್ಲ. ಹೊಸ ದಾರಿಯಲ್ಲಿ ಒಟ್ಟು ಕಡಿಮೆ ಬಂತು. ಎರಡನೇ ಸಲವೂ ಅಷ್ಟೇ. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕಿರುಚತೊಡಗಿತು. ಯಂತ್ರ ಆರಿಸಿ ಕೂತೆ. ಲೆಕ್ಕಾಧಿಕಾರಿಗಳು ರೈಲಿನ ಹೊತ್ತಾದರೂ ಹೊರಡಲಿಲ್ಲ. ಕಿಟಕಿಯ ಬೆಳಕಿನಲ್ಲಿ ಕೇಂದ್ರಗಳ ಹೆಸರನ್ನು ಒಂದೊಂದೇ ಓದಿದರು, ನಾನು ಪ್ರಿಂಟಿನಲ್ಲಿ ಗುರುತು ಹಾಕಿದೆ. ಗುಂಡ್ಲುಪೇಟೆಯ ಗೋದಾಮಿಗೆ ಎರಡನೇ ಸಂಖ್ಯೆ ತುಂಬಿರಲಿಲ್ಲ. ಮೇಲೆ ಯಾರೂ ಇಲ್ಲದ ಕಾರಣ ಅದರ ಖರ್ಚು ಎಲ್ಲಿಗೂ ಸೇರದೆ ನಡುದಾರಿಯಲ್ಲೇ ಉಳಿದಿತ್ತು. ಕರೆಂಟು ಬಂದ ಮೇಲೆ ಸರಿಪಡಿಸಿದೆ. ಎರಡು ಒಟ್ಟುಗಳೂ ಕೂಡಿಬಂದವು. “ಶಹಭಾಸ್” ಎಂದರು ಅವರು. ಆ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅವತ್ತು ಅವರು ಬಸ್ಸಿನಲ್ಲಿ ಮೈಸೂರಿಗೆ ಹೋದರು.

ಸಭೆಯಲ್ಲಿ ಅವರು ಎರಡೂ ವರದಿಗಳನ್ನು ಎಲ್ಲರ ಕೈಗೂ ಕೊಟ್ಟರು. “ಎರಡರ ಕೆಳಗೂ ನನ್ನ ಸಹಿ ಇದೆ. ಮೊದಲನೇದು ತಪ್ಪು. ಸಾಬ್ರು ಕೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ” ಎಂದು ಶುರುಮಾಡಿ, ತಪ್ಪು ಹೇಗಾಯಿತೆಂದು ಬಿಡಿಸಿ ಹೇಳಿದರು. ಸದಸ್ಯರೊಬ್ಬರು ಗೊಣಗಿದರು. ಅಧ್ಯಕ್ಷರು ಹೊಸ ವರದಿಯನ್ನು ದಿಟ್ಟಿಸಿ, “ಅಂಗಾರೆ ಈಗ ಚಾಮರಾಜನಗರದ್ದ ಮುಚ್ಬೇಕಾ?” ಎಂದರು. ಲೆಕ್ಕಾಧಿಕಾರಿಗಳು ಹೊಸ ವರದಿಯ ಮೇಲೆ ಬೆರಳಿಟ್ಟರು.

“ಯಾವುದನ್ನ ಮುಚ್ಚಬೇಕು ಅಂತ ಇದು ಹೇಳೋದಿಲ್ಲ. ಭೀಮನಬೀಡಿನ ಅರಿಶಿನ ಪಕ್ಕದ ಗುಂಡ್ಲುಪೇಟೆ ದಾಟಿಕೊಂಡು ಇಷ್ಟು ದೂರ ಯಾಕೆ ಬರ್ತಿದೆ ಅಂತ ಕೇಳುತ್ತೆ. ಇಲ್ಲಿ ನಮ್ಮ ಗೋದಾಮಿನಲ್ಲಿ ಉಮ್ಮತ್ತೂರು ಕಡೆ ಮಾಲು ಸರದಿಗೆ ಕಾದು ಬಿದ್ದಿದೆ. ಲಾರೀನ ಗುಂಡ್ಲುಪೇಟೆಗೆ ತಿರುಗಿಸಿ. ಎರಡು ಡ್ರಮ್ಮಿಗೂ ಕೆಲಸ ಇದೆ.”

ಅಧ್ಯಕ್ಷರು ಸುತ್ತ ನೋಡಿದರು. “ಲಾರಿ ತಿರುಗ್ಸುದ್ಕೆ ಯಾರ್ದಾರ ಅಡ್ಡಿ ಅದಾ?” ಯಾರದ್ದೂ ಇರಲಿಲ್ಲ. ಸಾಬ್ರು ಎದ್ದು ನಿಂತು ಕೈಮುಗಿದು ಕೂತರು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ಸಭೆ ಕಳೆದ ಕೆಲವು ದಿನಗಳಿಗೆ ಲೆಕ್ಕಾಧಿಕಾರಿಗಳು ರೈಲಿಳಿದವರೇ, “ನಡೀರಿ, ಗುಂಡ್ಲುಪೇಟೆಗೆ ಹೋಗಿ ಬರೋಣ” ಎಂದರು. ಅವರು ಆ ಘಟಕವನ್ನು ಎಂದೂ ನೋಡಿರಲಿಲ್ಲವಂತೆ.

ಸಾಬ್ರು ಡ್ರಮ್ಮು ನಿಲ್ಲಿಸಿದರು. ಏಕಾಏಕಿ ಬಿದ್ದ ಮೌನಕ್ಕೆ ಹೆಂಗಸರೆಲ್ಲ ತಲೆ ಎತ್ತಿದರು. ಲೆಕ್ಕಾಧಿಕಾರಿಗಳು ರಾಶಿಗಳ ನಡುವೆ ನಿಂತು ಹೇಳಿದರು.

“ಇಲ್ಲಿ ಕೆಲಸ ಹೋಗುತ್ತೆ ಅಂತ ಸುದ್ದಿ ಹುಟ್ಟಿದ್ದು ನಾನು ಸಹಿ ಮಾಡಿದ ಒಂದು ಕಾಗದದಿಂದ. ಅದು ತಪ್ಪು ಕಾಗದ. ನಿಮಗೆಲ್ಲ ಹೆದರಿಕೆ ಆಯ್ತು. ಅದನ್ನ ನಾನೇ ಬಂದು ಹೇಳಬೇಕು ಅನ್ನಿಸ್ತು.”

ವಯಸ್ಸಾದ ಒಬ್ಬಾಕೆ ಪಕ್ಕದ ಗೋಣಿಚೀಲವನ್ನು ಕೊಡವಿ ಹಾಸಿದಳು.

“ಅಷ್ಟ್ ದೂರ್ದಿಂದ ಬಂದು ನಿಂತೇ ಇದ್ದೀಯಲ್ಲವ್ವ, ಕುಂತ್ಕ.”

ಅವರು ಕೂತರು. ಬಿಳಿ ಸೀರೆಯ ಅಂಚು ಹಳದಿಯಾಯಿತು. ಸಾಬ್ರು ಗಾಬರಿಯಾಗಿ ಕುರ್ಚಿ ತರಿಸಲು ಹೊರಟರೆ ಬೇಡವೆಂದು ಕೈಯಾಡಿಸಿ, ರಾಶಿಯಿಂದ ಒಂದು ತುಂಡು ಎತ್ತಿಕೊಂಡು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

“ಇದು ಕೊಂಬಿನ ಕಡೆಗೋ, ಗಡ್ಡೆ ಕಡೆಗೋ? ಹೇಗೆ ಗೊತ್ತಾಗುತ್ತೆ?”

ಹೆಂಗಸರು ನಗುತ್ತ ಅವರ ಸುತ್ತ ಸರಿದು ಕೂತರು. ಸಾಬ್ರು ಡ್ರಮ್ಮಿನ ಸ್ವಿಚ್ಚಿನ ಹತ್ತಿರ ಹೋದವರು, ಅವರ ಮಾತು ಮುಗಿಯಲಿ ಎಂದು ಹಾಗೇ ಕಾದು ನಿಂತರು.